ಬೂಟು ಬಿಚ್ಚದ ಸುಬೇದಾರರು

ಮಾರ್ಗಸೂಚಿ ಎಂಬುದು ನಮ್ಮ ಮಾಜಿ ಸೈನಿಕರ ಚಿಕಿತ್ಸಾಲಯದ ಹೊಸ್ತಿಲು ದಾಟಿದಂದಿನಿಂದ ಅಲ್ಲಿನ ವೈದ್ಯೆಯಾದ ನಾನು ನೆಮ್ಮದಿಯಾಗಿ ಕುರ್ಚಿಯಲ್ಲಿ ಕುಳಿತದ್ದಿಲ್ಲ. ಮಂಗಳವಾರ ಬಂತೆಂದರೆ ಏನಾದರೊಂದು ನಡೆದೇ ನಡೆಯುತ್ತದೆ. ಯಾವ ಕಾಯಿಲೆಗೆ ಏನನ್ನು, ಯಾವಾಗ ಮಾಡಬೇಕೆಂದು ಸಂಶೋಧನೆಯ ಪುರಾವೆಗಳನ್ನು ಆಧರಿಸಿ ಹೇಳುವ ಪುಸ್ತಕ ಈ ಮಾರ್ಗಸೂಚಿ. ಎರಡು ಬಾರಿ ಓದಿ, ಒಂದಕ್ಷರವೂ ತಪ್ಪದಂತೆ ಪಾಲಿಸಲು ನಿಶ್ಚಯಿಸಿದೆ. ಅದನ್ನು ಬರೆದವರು ತಿಪಟೂರಿನ ಕಡೆ ತಲೆಹಾಕಿದವರಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಸೊನ್ನೆ

ನೋವನ್ನು ಸೊನ್ನೆಯಿಂದ ಹತ್ತರೊಳಗಿನ ಅಂಕಿಯಲ್ಲಿ ಕೇಳಿ ಬರೆದುಕೊಳ್ಳಬೇಕು ಎನ್ನುತ್ತದೆ ಪುಸ್ತಕ. ಬಿಳಿಗೆರೆಯ ಸುಬೇದಾರರು ಬಂದರು. ಇಪ್ಪತ್ತೆಂಟು ವರ್ಷ ಸೇನೆಯಲ್ಲಿದ್ದು, ಈಗ ತೆಂಗಿನ ತೋಟ ನೋಡಿಕೊಂಡಿರುವವರು. ಮಂಡಿ ಊದಿಕೊಂಡಿತ್ತು.

"ನೋವು ಎಷ್ಟು?"

"ಸೊನ್ನೆ, ಮೇಡಂ."

ಪಕ್ಕದಲ್ಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಸೊನ್ನೆಯಂತೆ! ಬೆಳಗ್ಗೆ ಎದ್ರೆ ಗೋಡೆ ಹಿಡ್ಕಂಡು ಬಚ್ಚಲಿಗೆ ಹೋಗ್ತಾರೆ ಕಣ್ರೀ."

ಸುಬೇದಾರರು ಅಲುಗಲಿಲ್ಲ. "ಹಳೇ ಗೋಡೆ ಕಣೇ. ಬಿದ್ದೀತು ಅಂತ ಹಿಡ್ಕಂಡಿದ್ದೆ."

ಕೊಬ್ಬರಿಗೆ ಸಿಕ್ಕ ಮರ್ಯಾದೆ

ಮಂಡಿ ನನ್ನ ದೊಡ್ಡ ಚಿಂತೆಯಾಗಿರಲಿಲ್ಲ. ಅವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಂಥವರ ಪಾದ ಜೋಮು ಹಿಡಿದು, ಗಾಯವಾದರೂ ಗೊತ್ತಾಗುವುದಿಲ್ಲ; ಗೊತ್ತಾಗುವಷ್ಟರಲ್ಲಿ ಬೆರಳು ಹೋಗಿರುತ್ತದೆ, ಕೆಲವೊಮ್ಮೆ ಪಾದವೇ. ಆದ್ದರಿಂದ ಬಂದಾಗಲೆಲ್ಲ ಎರಡೂ ಬರಿಪಾದಗಳನ್ನು ನೋಡತಕ್ಕದ್ದು ಎಂದು ಪುಸ್ತಕದ ಅಪ್ಪಣೆ.

"ಬೂಟು ಬಿಚ್ಚಿ."

"ಆಗಲ್ಲ ಮೇಡಂ. ಡಾಕ್ಟರ ಮುಂದೆ ಬರಿಗಾಲಲ್ಲಿ ಕೂತು ಅಭ್ಯಾಸ ಇಲ್ಲ."

ಹೆಂಡತಿ ನಕ್ಕರು. "ಕೊಬ್ಬರಿ ಅಟ್ಟ ಹತ್ತುವಾಗ ಮಾತ್ರ ಬಿಚ್ತಾರೆ. ಲಕ್ಷ್ಮಿ ಇರೋ ಜಾಗ, ಮೆಟ್ಕಂಡು ಹೋಗಬಾರ್ದಂತೆ. ಕೆಳಗೆ ನೋಡಿದ್ರೆ ಕರಟದ ಚೂರು ಹಾಸಿದಂಗಿರ್ತವೆ."

ನನಗೆ ಭಯವಾಯಿತು. ಸ್ವಲ್ಪ ಅವಮಾನವೂ ಆಯಿತು. "ಕೊಬ್ಬರಿಗೆ ಕೊಡುವ ಮರ್ಯಾದೆ ವೈದ್ಯರಿಗಿಲ್ಲವೇ?"

ಸುಬೇದಾರರು ಯೋಚಿಸಿ ಹೇಳಿದರು: "ಕೊಬ್ಬರಿ ಯಾವತ್ತೂ ನನಗೆ ಬೂಟು ಬಿಚ್ಚು ಅಂದಿಲ್ಲ ಮೇಡಂ."

ಆದೇಶ

ಆ ವಾರವೆಲ್ಲ ಹೊಳೆಯುವ ಆ ಎರಡು ಕರಿಬೂಟುಗಳು ಕಣ್ಣಮುಂದೆ ಕುಳಿತಿದ್ದವು. ಸಲಹೆಗೆ ಬಗ್ಗದವರು ಆದೇಶಕ್ಕೆ ಬಗ್ಗಿಯಾರೆಂದು, 'ಪ್ರತಿದಿನ ಪಾದ ತಪಾಸಣೆ ಕಡ್ಡಾಯ' ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ ಅವರಿಗೆ ಕಳುಹಿಸಿದೆ.

ಮುಂದಿನ ಮಂಗಳವಾರ ಬಂದು ನೋಡುತ್ತೇನೆ, ಚಿಕಿತ್ಸಾಲಯದ ಜಗಲಿಯ ಮೇಲೆ ಹನ್ನೊಂದು ಜನ ಮಾಜಿ ಸೈನಿಕರು ಬರಿಗಾಲಲ್ಲಿ ಸಾಲಾಗಿ ಕುಳಿತಿದ್ದಾರೆ. ಸುಬೇದಾರರು ಟಾರ್ಚು ಹಿಡಿದು ಒಬ್ಬೊಬ್ಬರ ಅಂಗಾಲನ್ನೂ ಪರೀಕ್ಷಿಸುತ್ತಿದ್ದಾರೆ. ಸೇನೆಯಲ್ಲಿ ನಾಯಕ್ ದರ್ಜೆಯಲ್ಲಿದ್ದ ಕಂದಿಕೆರೆಯವರೊಬ್ಬರ ಒಡೆದ ಹಿಮ್ಮಡಿಯ ಮುಂದೆ ನಿಂತರು.

"ಏನ್ಲಾ ಇದು, ಹಿಮ್ಮಡಿನೋ ಬತ್ತಿದ ಕೆರೆನೋ?"

"ಎಣ್ಣೆ ಹಚ್ತೀನಿ ಸಾಬ್."

ಪುಸ್ತಕ ಗೆದ್ದಿತೆಂದು ನನಗೆ ಹೆಮ್ಮೆಯಾಯಿತು. "ನಿಮ್ಮ ಪಾದ?" ಎಂದೆ.

ಅವರ ಬೂಟು ಕಾಲಲ್ಲೇ ಇತ್ತು. "ಮೇಡಂ, ಇನ್‌ಸ್ಪೆಕ್ಷನ್ ಮಾಡೋನನ್ನ ಇನ್‌ಸ್ಪೆಕ್ಷನ್ ಮಾಡೋಕೆ ಮೇಲಿನ ರ‍್ಯಾಂಕಿನವರು ಬೇಕು. ಈ ಜಗಲಿ ಮೇಲೆ ಯಾರೂ ಇಲ್ಲ."

ಮೇಲಿನ ರ‍್ಯಾಂಕು

ಆ ದಿನ ಅವರ ನಡಿಗೆ ಬಲಕ್ಕೆ ಕೊಂಚ ವಾಲಿತ್ತು. ಇನ್ನೊಂದು ವಾರ ಕಾಯುವ ಧೈರ್ಯ ನನಗಿರಲಿಲ್ಲ. ಹೆಂಡತಿಯ ಸಮೇತ ಒಳಗೆ ಕರೆದು, ಬಾಗಿಲು ಹಾಕಿ, ನಾನೇ ಚಪ್ಪಲಿ ಬಿಟ್ಟು ಪಾದ ಮುಂದಿಟ್ಟೆ. "ನನಗೂ ಸಕ್ಕರೆ ಕಾಯಿಲೆಯಿದೆ. ಮೊದಲು ನನ್ನದನ್ನು ನೋಡಿ."

ಸುಬೇದಾರರು ಕಕ್ಕಾಬಿಕ್ಕಿಯಾದರು. "ನಿಮ್ಮ ಕಾಲು ಕೊನೇ ಸಲ ಯಾರು ನೋಡಿದ್ದು ಮೇಡಂ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯಾರೂ ನೋಡಿಲ್ಲ."

"ಪುಸ್ತಕ ನಿಮಗೆ ಲಾಗೂ ಆಗಲ್ವಾ?"

ಅಷ್ಟರಲ್ಲಿ ಅವರ ಹೆಂಡತಿ ಗಂಡನ ಕೈಯಿಂದ ಟಾರ್ಚು ಕಿತ್ತುಕೊಂಡರು. "ಇಬ್ರೂ ಒಂದೇ ಬೆಂಚಲ್ಲಿ ಕೂತ್ಕಳಿ. ನಾನು ನೋಡ್ತೀನಿ. ಬಿಚ್ರೀ ಅದನ್ನ!"

ಸುಬೇದಾರರು ಬಿಚ್ಚಿದರು. ನಾನು ಬಗ್ಗಿ ನೋಡಿದೆ. ಬಲ ಅಂಗಾಲಿನಲ್ಲಿ, ಕಿರುಬೆರಳಿನ ಬುಡದಲ್ಲಿ, ಕರಟದ ಚೂರೊಂದು ನಾಟಿಕೊಂಡು ಸುತ್ತಲೂ ಕೀವಾಗಿತ್ತು. ಅವರಿಗೆ ಅದರ ಸುಳಿವೇ ಇರಲಿಲ್ಲ. ಚೂರು ತೆಗೆದು, ಗಾಯ ತೊಳೆದು, ಔಷಧಿ ಬರೆದೆ. ಬೆರಳು ಉಳಿಯುತ್ತದೆಂದು ಅಂದು ಹೇಳಲಾರದೆ ಹೋದೆ.

ಮೂರು ವಾರ ದಿನ ಬಿಟ್ಟು ದಿನ ಪಟ್ಟಿ ಬದಲಿಸಿದೆವು. ನಾಲ್ಕನೆಯ ಮಂಗಳವಾರ ಗಾಯ ಮುಚ್ಚಿತ್ತು, ಬೆರಳು ಉಳಿಯಿತು. ಯಾರೂ ಹೇಳದಿದ್ದರೂ ಸುಬೇದಾರರ ಹೆಂಡತಿ ಟಾರ್ಚು ತಂದಿದ್ದರು. ಮೊದಲು ಗಂಡನ ಪಾದ, ಆಮೇಲೆ ನನ್ನದು. ಬೆರಳ ಸಂದಿಯನ್ನೂ ಬಿಡದೆ ನೋಡಿದರು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚೇ.

"ನನ್ನದು ಹೇಗಿದೆಯಮ್ಮ?" ಎಂದು, ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ ಕೇಳಿದೆ.

ಆಕೆ ಟಾರ್ಚು ಆರಿಸಿದರು. "ಇವರ ಕಾಲಲ್ಲಿ ಕರಟನಾದ್ರೂ ಸಿಕ್ತು ಮೇಡಂ. ನಿಮ್ಮ ಕಾಲಲ್ಲಿ ಜಂಬ ಬಿಟ್ರೆ ಏನೂ ಇಲ್ಲ ಬುಡಿ."