ಬೈಯಲು ಬಾರದ ಅತ್ತೆ

ನನ್ನ ಅತ್ತೆಯಷ್ಟು ಕಷ್ಟ ಕೊಡುವ ಅತ್ತೆ ಇಡೀ ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಬ್ಬರಿಲ್ಲ. ಏನು ಕಷ್ಟ ಅಂತೀರಾ? ಅವರಿಗೆ ಬೈಯಲು ಬರುವುದಿಲ್ಲ!

ನಗಬೇಡಿ, ಅನುಭವಿಸಿದವರಿಗೇ ಗೊತ್ತು. ನಾನು ಪ್ರೈಮರಿ ಶಾಲೆಯ ಟೀಚರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದ ಕೂಡಲೇ ಎಲ್ಲರೂ ತಂತಮ್ಮ ಅತ್ತೆಯ ಕತೆಯನ್ನೂ ಬಿಚ್ಚುತ್ತಾರೆ. ಒಬ್ಬರ ಅತ್ತೆ ಫ್ರಿಜ್ಜಿಗೆ ಬೀಗ ಹಾಕುತ್ತಾರಂತೆ, ಇನ್ನೊಬ್ಬರ ಅತ್ತೆ ಸೊಸೆ ಮಾತಾಡುವ ಫೋನಿಗೆ ಬಾಗಿಲ ಸಂದಿಯಿಂದ ಕಿವಿ ಕೊಡುತ್ತಾರಂತೆ. ನನ್ನ ಸರದಿ ಬಂದಾಗ ಏನು ಹೇಳಲಿ? "ನಮ್ಮತ್ತೆ ನಿನ್ನೆ ನನ್ನ ಕಾಲು ಒತ್ತಿದರು" ಅಂತಲೇ? ಹಾಗಂದರೆ ಮರುದಿನದಿಂದ ನನಗೆ ಅಲ್ಲಿ ಒಂದು ಹೋಳು ಉಪ್ಪಿನಕಾಯಿಯೂ ಸಿಗದು. ಅದಕ್ಕೇ ಹೊಟ್ಟೆಪಾಡಿಗಾಗಿ ಸುಳ್ಳು ಹೇಳತೊಡಗಿದೆ. ಹೇಳುತ್ತ ಹೇಳುತ್ತ ಸ್ಟಾಫ್ ರೂಮಿನ ಮಟ್ಟಿಗೆ ನಮ್ಮತ್ತೆ ಕೋರೆಹಲ್ಲು ಮೂಡಿದ ಹೆಂಗಸಾಗಿಬಿಟ್ಟರು.

ಒಂದು ದಿನ ನಾನು ಡಬ್ಬಿ ಮರೆತು ಬಂದಿದ್ದೆ. ಆ ಕೋರೆಹಲ್ಲಿನವರೇ ಬಿಸಿಲಲ್ಲಿ ಡಬ್ಬಿ ಹಿಡಿದುಕೊಂಡು ಬಂದರು. ಜೊತೆಗೆ ಎಲ್ಲ ಟೀಚರಮ್ಮಂದಿರಿಗೂ ಒಂದು ಚಿಪ್ಪು ಬಾಳೆಹಣ್ಣು! "ತಿನ್ರಿ ಅವ್ವಾ, ಹುಡುಗರ ಕೂಡ ಒದರಿ ಒದರಿ ಗಂಟಲು ಒಣಗಿರ್ತೈತಿ" ಎಂದು ಎಲ್ಲರ ತಲೆ ಸವರಿ ಹೋದರು. ನನ್ನ ಕತೆ ಮುಗಿಯಿತು ಅಂದುಕೊಂಡೆ. ಆದರೆ ಹಿರಿಯ ಟೀಚರು ನನ್ನ ಕೈ ಹಿಡಿದು, "ಅಬ್ಬಾ, ಎಂಥಾ ನಾಟಕ ನೋಡ್ರಿ! ಪಾಪ, ಇಂಥಾಕಿ ಕೂಡ ಹೆಂಗ ಬಾಳ್ವಿ ಮಾಡ್ತೀಯವಾ?" ಎಂದು ಕಣ್ಣು ತುಂಬಿಕೊಂಡರು. ನಾನೂ ತುಂಬಿಕೊಂಡೆ.

ಅತ್ತೆ ರಿಟೈರಾದ ನರ್ಸು. ಹಿರೇಹಡಗಲಿ ಕಡೆ ಬಹಳ ವರ್ಷ ಹೆರಿಗೆ ಮಾಡಿಸಿದವರು. ಸಂತೆಯಲ್ಲಿ ತರಕಾರಿ ಮಾರುವ ಮೀಸೆ ಹೊತ್ತ ಗಂಡಸು ಎದುರಾದರೆ, "ಲೇ, ನಿನಗ ಮೊದಲ ಸ್ನಾನ ಮಾಡಿಸಿದಾಕಿ ನಾನ!" ಎಂದು ಎಲ್ಲರೆದುರು ಹೇಳಿಬಿಡುತ್ತಾರೆ. ಅಷ್ಟಾದ ಮೇಲೆ ಆ ಮೀಸೆಗೆ ಬೆಲೆ ಎಲ್ಲಿ ಉಳಿಯಿತು ಹೇಳಿ? ಅವನು ತರಕಾರಿಯನ್ನು ಅರ್ಧ ರೇಟಿಗೆ ಕೊಟ್ಟು ಗದ್ದಲವಿಲ್ಲದೆ ಅತ್ತೆಯನ್ನು ಕಳಿಸುತ್ತಾನೆ.

ಅತ್ತೆಯ ಮನೆಯವರು ಕ್ರೈಸ್ತರು. ನಾನು ಚಿಗಟೇರಿಯ ಕುರಿ ಕಾಯುವ ಮನೆಯ ಮಗಳು. ನಮ್ಮ ಮನೆದೇವರು ಮೈಲಾರಲಿಂಗ. ಹಿಂದಿನ ಶಾಲೆಯಲ್ಲಿ ಜೊತೆಗೆ ಪಾಠ ಮಾಡುತ್ತಿದ್ದ ಮೇಷ್ಟ್ರನ್ನು ಮದುವೆಯಾದೆ, ಅಷ್ಟೆ. ಅವ್ವ ನಾನು ಸಣ್ಣವಳಿದ್ದಾಗಲೇ ಹೋದಳು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಕುರಿ ಕಾಯ್ದು ಬೆಳೆಸಿದವನು. ಮದುವೆಯ ಸುದ್ದಿ ಕೇಳಿ ಅವನು ಒಂದೇ ಮಾತು ಹೇಳಿದ: "ನನಗ ಮಗಳಿಲ್ಲ." ಆಮೇಲೆ ಮೂರು ವರ್ಷ ಮಾತಿಲ್ಲ, ಕತೆಯಿಲ್ಲ. ಫೋನು ಮಾಡಿದರೆ ಎತ್ತಿ, ನನ್ನ ಉಸಿರು ಕೇಳಿಸಿದ ಕೂಡಲೇ ಇಟ್ಟುಬಿಡುತ್ತಿದ್ದ. ಅವನು ಇನ್ನೊಂದು ಸಲ "ಏನವಾ" ಅಂದರೆ ಸಾಕು ಎನ್ನುವುದೊಂದೇ ಆಸೆ ನನಗೆ ಉಳಿದಿತ್ತು.

ಇತ್ತ ಅತ್ತೆಯ ಮೇಲೆ ನನಗೆ ಅನುಮಾನ. ಇಷ್ಟೊಂದು ಪ್ರೀತಿ ಮಾಡುತ್ತಾರಲ್ಲ, ಇದರ ಹಿಂದೆ ಏನಾದರೂ ಷರತ್ತು ಇರಲೇಬೇಕು! "ಚರ್ಚಿಗೆ ಬಾ" ಅಂತಾರೆ, "ದೀಕ್ಷಾಸ್ನಾನ ತಗೋ" ಅಂತಾರೆ ಎಂದು ಮೊದಲ ಭಾನುವಾರದಿಂದಲೇ ಕಾದೆ. ಅವರು ಬೆಳಿಗ್ಗೆ ಆರಕ್ಕೆ ಬಂದು ನನ್ನ ಚಾದರ ಎಳೆದರು. ಬಂತು ನೋಡು ಷರತ್ತು, ಅಂದುಕೊಂಡೆ.

"ಏಳವಾ, ಐತವಾರ! ನಿಮ್ಮ ಮೈಲಾರಲಿಂಗಪ್ಪಗೆ ಭಂಡಾರ ಹಚ್ಚೂದು ಬ್ಯಾಡೇನು? ನಿನ್ನೀನೇ ಅರಿಷಿಣ ತಂದಿಟ್ಟೀನಿ. ನಾ ಕೈ ಮುಗ್ಯಾಂಗಿಲ್ಲ, ನಿನಗ ನೆನಪು ಮಾಡ್ತೀನಿ ಅಷ್ಟ. ನಿಮ್ಮ ದೇವರಿಗೂ ನಮ್ಮ ದೇವರಿಗೂ ಇಬ್ರಿಗೂ ಐತವಾರನ ಡ್ಯೂಟಿ ಬಂದೈತಿ, ಏಳು ಏಳು!"

ತವರಿನಲ್ಲಿ ಎಂಟರವರೆಗೆ ಮಲಗುತ್ತಿದ್ದ ನಾನು ಕ್ರೈಸ್ತರ ಮನೆಗೆ ಬಂದ ಮೇಲೆ ಮೈಲಾರಲಿಂಗನ ಪರಮ ಭಕ್ತೆಯಾದೆ. ಇದನ್ನು ಯಾರಿಗೆ ಹೇಳಲಿ?

ಇನ್ನು ಅವರ ಊಟದ ಪ್ರಾರ್ಥನೆ. ತಟ್ಟೆಯ ಮುಂದೆ ಕಣ್ಣು ಮುಚ್ಚಿದರೆಂದರೆ ಮೀಟರ್ ಓದುವವನ ಮೊಣಕಾಲು ನೋವು, ಹೂವಿನವಳ ಮಗಳ ಪರೀಕ್ಷೆ, ಎದುರುಮನೆಯ ನಾಯಿಯ ಕಜ್ಜಿ ಎಲ್ಲವೂ ಬರುತ್ತದೆ. ಅಷ್ಟರಲ್ಲಿ ಸಾರು ಆರಿ ಕೆನೆ ಕಟ್ಟಿರುತ್ತದೆ. ಒಮ್ಮೆ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದೆ. ಅತ್ತೆ ಅಡುಗೆಮನೆಯಲ್ಲೇ ರುಚಿ ನೋಡಿ ಸುಮ್ಮನೆ ಬಂದು ಕೂತು, "ಸ್ವಾಮೀ, ಸೊಸಿ ಕೈಯ್ಯ ಆಶೀರ್ವಾದ ಮಾಡು. ಇವತ್ತು ಇದನ್ನ ಉಣ್ಣೋ ನಮಗೂ ವಿಶೇಷ ಬಲ ಕೊಡು" ಎಂದರು. ನನ್ನ ಗಂಡ ಎಂದೂ ಅಷ್ಟು ಗಟ್ಟಿಯಾಗಿ "ಆಮೆನ್" ಅಂದವರಲ್ಲ.

ಕುಕ್ಕರಿನ ಕಳ್ಳನ ಕತೆ ಕೇಳಿದರೆ ನೀವು ನಂಬುವುದಿಲ್ಲ. ಹಟ್ಟಹಗಲು ಹಿತ್ತಲಲ್ಲಿ ತೊಳೆದಿಟ್ಟಿದ್ದ ಕುಕ್ಕರನ್ನು ಒಬ್ಬ ಎತ್ತಿಕೊಂಡು ಓಡಿದ. ಅತ್ತೆ ಕಂಡರು. ಅವರೂ ಓಡಿದರು. ನಾನು ಹಿಂದೆ ಹಿಂದೆ "ಕಳ್ಳ, ಕಳ್ಳ!" ಎಂದು ಅರಚುತ್ತ ಓಡಿದೆ. ಅತ್ತೆ ಏನು ಕೂಗಿದರು ಗೊತ್ತೇ?

"ಲೇ ತಮ್ಮಾ, ನಿಲ್ಲೋ! ವಿಷಲ್ ಇಲ್ಲೇ ಬಿಟ್ಟೀಯಲ್ಲೋ! ವಿಷಲ್ ಇಲ್ಲದ ಬ್ಯಾಳಿ ಹೆಂಗ ಬೇಯಿಸ್ತಿ?"

ಕಳ್ಳ ನಿಂತ. ಅವನಿಗೂ ಅದು ನ್ಯಾಯವಾಗಿ ಕಂಡಿರಬೇಕು! ತಿರುಗಿ ಬಂದು ತಲೆ ತಗ್ಗಿಸಿ ವಿಷಲ್ ಇಸಿದುಕೊಂಡ. "ರಬ್ಬರು ಹಳೇದಾಗೈತಿ, ಹೊಸಾದು ಹಾಕಿಸ್ಕೋ, ಇಲ್ಲಂದ್ರ ಸಿಡಿತೈತಿ" ಎಂದು ಅತ್ತೆ ಬುದ್ಧಿ ಹೇಳಿ ಕಳಿಸಿದರು. ಒಂದು ವಾರ ನಾವು ಬೇಳೆಯನ್ನು ಪಾತ್ರೆಯಲ್ಲಿ ಕುದಿಸಿ ಕುದಿಸಿ ಸತ್ತೆವು. "ಕೊಟ್ಟಬಿಟ್ರಲ್ಲ ಅತ್ತಿ!" ಎಂದು ನಾನು ಹಾರಾಡಿದೆ. "ನಾ ಎಲ್ಲಿ ಕೊಟ್ಟೆ? ಅವನ ಒಯ್ದ. ಅರ್ಧ ಸಾಮಾನು ಒಯ್ದು ಮನ್ಯಾಗ ಹೆಂಡ್ತಿ ಕಡೆ ಬೈಸ್ಕೋತಿದ್ದ, ಪಾಪ" ಅಂದರು.

ಇಂಥವರು ನನ್ನ ಅಪ್ಪನನ್ನು ಬಿಟ್ಟಾರೆಯೇ? ಸರ್ಕಾರ ಹೆಂಗಸರಿಗೆ ಬಸ್ಸು ಫ್ರೀ ಮಾಡಿದ್ದೇ ತಡ, ಅತ್ತೆಯ ಪ್ರೀತಿಗೆ ಬ್ರೇಕ್ ಹಾಕುವವರೇ ಇಲ್ಲವಾದರು. ಮೊದಲ ಬಸ್ಸಿಗೆ ಕೊಟ್ಟೂರು ದಾಟಿ ಹರಪನಹಳ್ಳಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಚಿಗಟೇರಿ. ಅಪ್ಪ ಅವರನ್ನು ನೋಡಿ ಬಾಗಿಲು ಹಾಕಿಕೊಂಡ. ಅತ್ತೆ ಕಟ್ಟೆಯ ಮೇಲೆ ಕೂತು, ತಂದಿದ್ದ ಚಪಾತಿಯಲ್ಲಿ ಅರ್ಧ ತಿಂದು, ಅರ್ಧ ಅಪ್ಪನ ನಾಯಿಗೆ ಹಾಕಿ, ಮುಚ್ಚಿದ ಬಾಗಿಲಿಗೆ ನನ್ನ ಸುದ್ದಿಯೆಲ್ಲ ಹೇಳಿ ಸಂಜೆಗೆ ಬಂದರು.

"ಏನಾತ್ರಿ ಅತ್ತಿ?"

"ಛಲೋ ಮಾತಾಡಿದ್ವಿ."

"ಅಪ್ಪ ಏನಂದ?"

"ಏನೂ ಅನ್ಲಿಲ್ಲ. ಆದ್ರ ನಡುವ ಒಮ್ಮೆನೂ ಬಾಯಿ ಹಾಕಲಿಲ್ಲ ನೋಡು, ಅಷ್ಟು ಮನಸಿಟ್ಟು ಕೇಳ್ಯಾರ!"

ಹೀಗೆ ತಿಂಗಳಿಗೊಂದು ಸಲ ಆ ಬಾಗಿಲಿನ ಜೊತೆ ಮಾತುಕತೆ ನಡೆಯಿತು. ಒಂದು ಸಲ ಒಂದು ಕುರಿ ಕುಂಟುತ್ತಿತ್ತಂತೆ. ಅತ್ತೆ ಅದರ ಗೊರಸಿಗೆ ಮುಲಾಮು ಹಚ್ಚಿ, ಬಿಳಿ ಪಟ್ಟಿ ಸುತ್ತಿ, ಅಚ್ಚುಕಟ್ಟಾಗಿ ಗಂಟು ಹಾಕಿದರು. ಬಾಗಿಲು ಧಡಕ್ಕನೆ ತೆರೆಯಿತು.

"ಯಾರ್ನ ಕೇಳಿ ಕಟ್ಟಿದಿ ನರ್ಸಮ್ಮಾ?"

"ಕುರೀನ್ನ ಕೇಳಿ!"

ಬಾಗಿಲು ಮತ್ತೆ ಮುಚ್ಚಿತು. ಆದರೂ ಅತ್ತೆ ಅವತ್ತು ಮನೆಗೆ ಬಂದು ಶಾವಿಗೆ ಪಾಯಸ ಮಾಡಿದರು.

ಆಮೇಲೆ ಆಯಿತು ನೋಡಿ ಅನಾಹುತ! ಕನ್ನಡಕ ಮರೆತು ಹೋಗಿದ್ದ ದಿನ ಅತ್ತೆಗೆ ದೊಡ್ಡಿಯಲ್ಲಿ ಕುರಿಗಳ ಬೆನ್ನೆಲ್ಲ ಕೆಂಪು ಕೆಂಪಾಗಿ ಕಂಡಿದೆ. ಅಯ್ಯೋ, ಎಲ್ಲಕ್ಕೂ ಗಾಯ! ನರ್ಸಿನ ಕರುಳು ಕೇಳುತ್ತದೆಯೇ? ಬಾನಿಯ ನೀರು, ಸಾಬೂನು ಹಿಡಿದು ಒಂದೊಂದೇ ಕುರಿಯ ಗಾಯ ತೊಳೆದಿದ್ದಾರೆ. ಪಕ್ಕದ ದೊಡ್ಡಿಯ ಕುರಿಗಳಿಗೂ ಗಾಯವಾಗಿತ್ತಲ್ಲ, ಅವನ್ನೂ ಬಿಡಲಿಲ್ಲ. ಅವು ಗಾಯವಲ್ಲ ಸ್ವಾಮಿ, ಯಾವ ಕುರಿ ಯಾರದು ಎಂದು ಗೊತ್ತಾಗಲಿ ಅಂತ ಬಳಿದ ಜಾಜಿನ, ಅಂದರೆ ಕೆಂಪು ಮಣ್ಣಿನ, ಗುರುತು! ಅಪ್ಪನದು ಬೆನ್ನಿಗೆ, ಪಕ್ಕದವರದು ಸೊಂಟಕ್ಕೆ. ಅಪ್ಪ ಉಂಡು, ಮಲಗೆದ್ದು ಹೊರಗೆ ಬರುವಷ್ಟರಲ್ಲಿ ಎರಡೂ ಹಿಂಡು ಮದುವೆಗೆ ಹೊರಟವರ ಹಾಗೆ ಮಿಂದು ಮಡಿಯಾಗಿ, ಒಂದರೊಳಗೊಂದು ಬೆರೆತು ನಿಂತಿದ್ದವು.

"ಒಂದು ತಾಸು ಮಾತಾಡಿದ್ರು ನಿಮ್ಮಪ್ಪ!" ಎಂದು ಅತ್ತೆ ಕುಣಿಯುತ್ತ ಬಂದರು.

"ಮಾತಾಡಿದ್ನೋ, ಬೈದನೋ?"

"ಬೈಗಳೂ ಮಾತ ಅಲ್ಲೇನವಾ? ಬಾಗಿಲು ತೆರೆದ ಬೈದ್ರು! 'ನನಗ ನನ್ನ ಕುರಿ ಮುಖ ಗೊತ್ತದಾವು, ಊರಿಗೆ ಹೆಂಗ ಗೊತ್ತಾಗಬೇಕು?' ಅಂದ್ರು. ಎಷ್ಟು ಖರೇ ಮಾತು!"

ಮುಂದಿನ ವಾರವೇ ಒಂದು ಪೊಟ್ಟಣ ಜಾಜು ಕಟ್ಟಿಕೊಂಡು ಹೊರಟರು. ಅಪ್ಪನಿಗೂ ಕೈಯಾಳು ಬೇಕಿತ್ತಲ್ಲ! ಅಪ್ಪ ಕುರಿ ಹಿಡಿಯುವುದು, ಅತ್ತೆ ಜಾಜು ಬಳಿಯುವುದು. ಸುಮ್ಮನೆ ಬಳಿಯುವ ಜಾತಿಯೇ ಅವರು? ಯೇಸುಸ್ವಾಮಿ ಹೇಳಿದ ಕುರುಬನ ಕತೆ ಶುರುಮಾಡಿದರು. ನೂರು ಕುರಿ ಇದ್ದವನು ಒಂದು ತಪ್ಪಿಸಿಕೊಂಡಿತೆಂದು ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋದ ಕತೆ.

ಅಪ್ಪ ಕುರಿಯ ಕಾಲು ಬಿಟ್ಟು ಎದ್ದು ನಿಂತನಂತೆ. "ಬಿಟ್ಟು ಹೋದ್ನಾ? ತೊಂಬತ್ತೊಂಬತ್ತನ್ನೂ? ಯಾರ್ನ ಕಾಯಾಕ ಇಟ್ಟ?"

"ಅದನ್ನ ಹೇಳಿಲ್ರಿ."

"ಹೇಳಿಲ್ಲಂದ್ರ? ತೋಳ ಬಂದ್ರ? ನಾನೂ ಹುಡುಕಾಕ ಹೋಗಬೇಕಂತೀನಿ, ದಿನಾ ಅಂತೀನಿ! ಹಿಂಡು ಬಿಟ್ಟು ಹೆಂಗ ಹೋಗ್ಲಿ ನರ್ಸಮ್ಮಾ?"

ಅಂದವನೇ ಬಗ್ಗಿ ಮತ್ತೆ ಕುರಿಯ ಕಾಲು ಹಿಡಿದನಂತೆ. ಎಂಬತ್ತು ಕುರಿಯೂ ಅಲ್ಲೇ ಕಣ್ಣೆದುರಿಗೇ ಇದ್ದವು. ಒಂದೂ ತಪ್ಪಿಸಿಕೊಂಡಿರಲಿಲ್ಲ.

ಅತ್ತೆ ಆ ಸಂಜೆ ಇದನ್ನೆಲ್ಲ ಹೇಳುವಾಗ ನಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ. ಅತ್ತೆ ಮಾತ್ರ ನಾಲ್ಕು ದಿನ ಒಂದೇ ಹಟ ಹಿಡಿದರು. ಪಾದ್ರಿಗಳ ಮನೆಗೇ ಹೋಗಿ, "ಆ ತೊಂಬತ್ತೊಂಬತ್ತನ್ನ ಯಾರು ಕಾಯ್ದ್ರು, ಹೇಳ್ರಿ" ಎಂದು ಕೂತರು. ಪಾದ್ರಿಗಳು ಕೆಮ್ಮಿದರು, ನೀರು ಕುಡಿದರು, ಪುಸ್ತಕ ತಿರುವಿದರು. ಕೊನೆಗೆ, "ಅಮ್ಮಾ, ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ" ಅಂದರಂತೆ.

ಅದರ ಮುಂದಿನ ಭಾನುವಾರ ನನ್ನ ಚಾದರ ಯಾರೂ ಎಳೆಯಲಿಲ್ಲ. ಎದ್ದಾಗ ಎಂಟು ಗಂಟೆ. ಅತ್ತೆ ಬೇಗನೆ ಚರ್ಚಿಗೆ ಹೋಗಿರಬೇಕು ಅಂದುಕೊಂಡೆ. ಹನ್ನೊಂದಕ್ಕೆ ನನ್ನ ಗಂಡ ಗಾಬರಿಯಿಂದ ಬಂದರು. "ಅವ್ವ ಚರ್ಚಿಗೆ ಬಂದಿಲ್ಲ! ಫೋನೂ ಮನ್ಯಾಗ ಐತಿ!" ಜ್ವರ ಬಂದಾಗಲೂ ಆರಾಧನೆ ತಪ್ಪಿಸದ ಹೆಂಗಸು! ಗಂಡ ಬೈಕ್ ಹತ್ತಿ ಬಸ್ ಸ್ಟ್ಯಾಂಡಿಗೆ ಹುಡುಕಲು ಹೋದರು. ನಾನು ದಾರಿ ನೋಡುತ್ತ ಬಾಗಿಲಲ್ಲಿ ನಿಂತೆ.

ಗೇಟು ಕಿರುಗುಟ್ಟಿತು. ಹೆಗಲ ಮೇಲೆ ಕಂಬಳಿ. ಕೈಯಲ್ಲಿ ಕೋಲಿಲ್ಲ. ಅಪ್ಪ!

"ಏನವಾ," ಅಂದ.

ಕುರಿಯವರ ಮನೆಯಲ್ಲಿ ಹುಟ್ಟಿದವಳು ನೋಡಿ, ನನ್ನ ಬಾಯಿಂದ ಮೊದಲು ಹೊರಟ ಮಾತೂ ಅದೇ. "ಅಪ್ಪಾ, ಕುರಿ?"

"ನಿಮ್ಮತ್ತಿ ಕಾಯಾಕತ್ಯಾಳ. ಬೆಳಿಗ್ಗೆ ಬಂದಾಕಿನ ಕೋಲು ಕಸ್ಕೊಂಡ್ಲು. 'ಹಿಂಡು ನಾ ನೋಡ್ಕೋತೀನಿ, ನೀವು ಹುಡುಕಾಕ ಹೋಗ್ರಿ' ಅಂತ ಹೊರಗ ಹಾಕಿದ್ಲು. ನನ್ ಮನಿಯಿಂದ ನನ್ನ!"

ನಾನು ಅವನ ಕಾಲ ಹತ್ತಿರವೇ ಕೂತುಬಿಟ್ಟೆ. ಅಪ್ಪ ಬಗ್ಗಿ ನನ್ನ ತಲೆಯ ಮೇಲೆ ಕೈಯಿಟ್ಟ. ಒಳಗೆ ಬಂದ, ರೊಟ್ಟಿ ತಿಂದ, ಒಂದು ಚೊಂಬು ನೀರು ಕುಡಿದ. ನನ್ನ ಗಂಡ ಬಂದು ಬಾಗಿಲಲ್ಲೇ ಕಲ್ಲಾಗಿ ನಿಂತಾಗ, "ಬರ್ರಿ, ಒಳಗ ಬರ್ರಿ" ಎಂದು ಅವರ ಮನೆಗೆ ಅವರನ್ನೇ ಕರೆದ! ಇನ್ನೊಂದು ರೊಟ್ಟಿ ಹಾಕಲು ಹೋದರೆ ಕೈ ಅಡ್ಡ ಹಿಡಿದ.

"ಸಾಕವಾ. ಬೀಗತಿ ಬಿಸಲಾಗ ನಿಂತಾಳ. ನಡಿ, ನೀನೂ ನಡಿ ಊರಿಗೆ."

ಮೂರು ವರ್ಷದಲ್ಲಿ ಅತ್ತೆಯನ್ನು ಅಪ್ಪ ಬೀಗತಿ ಅಂದದ್ದು ಅದೇ ಮೊದಲು. ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ, ಅಪ್ಪನ ಜೊತೆ ಬಸ್ಸು ಹತ್ತಿದೆ.

ಚಿಗಟೇರಿಯ ಹೊರಗೆ ಮೆಕ್ಕೆಜೋಳ ಕಟಾವಾದ ಹೊಲದಲ್ಲಿ ಅತ್ತೆ ನಿಂತಿದ್ದರು. ಚರ್ಚಿಗೆ ಉಡುವ ಬಿಳಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದಾರೆ, ಮುಖ ಕೆಂಪಗೆ ಸುಟ್ಟಿದೆ, ಗಂಟಲು ಬಿದ್ದುಹೋಗಿದೆ. ನಾನು ಓಡಿ ಹೋಗಿ ತಬ್ಬಿಕೊಂಡು ಗೋಳೋ ಎಂದು ಅತ್ತುಬಿಟ್ಟೆ. ಈ ಜೀವ ನನ್ನಿಂದ ಏನನ್ನೂ ಕೇಳುವುದಿಲ್ಲ, ಯಾವತ್ತೂ ಕೇಳುವುದಿಲ್ಲ ಎಂದು ನನಗೆ ಅವತ್ತು ಪೂರ್ತಿ ಅರ್ಥವಾಯಿತು.

"ಇವತ್ತು ಚರ್ಚ್ ತಪ್ಪಿತಲ್ರಿ ಅತ್ತಿ..."

"ಎಲ್ಲಿ ತಪ್ತು? ಮುಂಜಾನಿಯಿಂದ ಅದನ್ನ ಮಾಡಾಕತ್ತೀನಿ. ಅಳಬ್ಯಾಡ ಹುಚ್ಚಿ, ಕುರಿ ಬೆದರ್ತಾವು." ಆಮೇಲೆ ಅಪ್ಪನ ಕಡೆ ತಿರುಗಿ ಹೆದರಿ ಹೆದರಿ ಹೇಳಿದರು: "ಬೀಗರ, ಎಂಬತ್ತೂ ಅದಾವು, ಎಣಿಸ್ಕೊಳ್ರಿ. ಒಂದನ್ನೂ ತೊಳೆದಿಲ್ಲ."

ಹುಟ್ಟಿದಾಗಿನಿಂದ ನೋಡಿದ್ದೇನೆ, ಅಪ್ಪ ಎರಡು ಸಲ ಎಣಿಸದೆ ಯಾರ ಕೈಯಿಂದಲೂ ಹಿಂಡು ತೆಗೆದುಕೊಂಡವನಲ್ಲ. ಅವತ್ತು ಕುರಿಗಳ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡು ನಿಂತಿದ್ದ.