ಅಕ್ಕಂದಿರ ಸಂಜೆಯಲ್ಲಿ ನನ್ನ ಕೂಗು

ಪರದೇಶಕ್ಕೆ ಹೊರಟವರೆಲ್ಲ ಸಾಮಾನಿನ ತೂಕ ನೋಡುತ್ತಾರೆ. ಸಾರಿನಪುಡಿ ಎಷ್ಟು, ಉಪ್ಪಿನಕಾಯಿ ಎಷ್ಟು, ಒಬ್ಬಟ್ಟಿನ ಮಣೆ ಹಿಡಿಯುತ್ತದೋ ಇಲ್ಲವೋ. ಗಂಟಲಿನ ತೂಕವನ್ನು ಮಾತ್ರ ಯಾರೂ ನೋಡುವುದಿಲ್ಲ. ಮೈಸೂರು ಬಿಡುವಾಗ ನನ್ನ ಬಳಿ ಒಂದು ಒಳ್ಳೆಯ ಕೂಗು ಇತ್ತು. ಮಹಡಿಯ ಮೇಲೆ ನಿಂತು ಸೊಪ್ಪಿನವಳನ್ನು ಕರೆದರೆ ನಮ್ಮ ಬೀದಿಯವಳ ಜೊತೆಗೆ ಮುಂದಿನ ಬೀದಿಯವಳೂ ಬುಟ್ಟಿ ಹೊತ್ತು ಬರುತ್ತಿದ್ದಳು. ಬ್ರಿಸ್ಬೇನಿನ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಬಂದು ನೆಲೆಸಿದ ಮೇಲೆ ಆ ಕೂಗಿಗೆ ಕೆಲಸ ತಪ್ಪಿತು. ಇಲ್ಲಿ ಸೊಪ್ಪು ಪ್ಲಾಸ್ಟಿಕ್ಕಿನೊಳಗೆ ತಣ್ಣಗೆ ಮಲಗಿರುತ್ತದೆ, ಕರೆಯುವ ಅಗತ್ಯವಿಲ್ಲ. ಇಪ್ಸ್‌ವಿಚ್‌ನ ಒಂದು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ನನಗೆ ಉದ್ಯೋಗ. ಗಾಜಿನ ಕಿಂಡಿಯ ಆಚೆ ನಿಂತ ರೋಗಿಗೆ ಕೇಳಬೇಕು, ಅವನ ಹಿಂದೆ ನಿಂತವನಿಗೆ ಕೇಳಬಾರದು. ಅಷ್ಟೇ ನನ್ನ ದನಿ. ವರ್ಷಗಟ್ಟಲೆ ಹೀಗೆ ಮಾತಾಡಿ, ಮನೆಯಲ್ಲಿ ಹಾಲು ಉಕ್ಕಿದರೂ ನಾನು ಪಿಸುಗುಟ್ಟುತ್ತೇನೆಂದು ನನ್ನ ಗಂಡ ಶ್ರೀಧರನ ದೂರು. ನನ್ನ ಕಾಲು ತುಳಿದವರಿಗೆ ನಾನೇ ‘ಸಾರಿ’ ಅನ್ನುತ್ತೇನೆ. ಒಮ್ಮೆ ಅಂಗಡಿಯ ಗಾಜಿನ ಬಾಗಿಲಿಗೂ ಅಂದಿದ್ದೇನೆ. ಬಾಗಿಲು ಮರ್ಯಾದೆಯಿಂದ ತೆರೆದುಕೊಂಡಿತು.

ಕೂಗಿನ ಬಗ್ಗೆ ಈ ಊರಿನವರಿಗೆ ಇನ್ನೊಂದು ಅಭ್ಯಾಸವಿದೆ, ಅದನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ಕರ್ಲ್ಯೂ ಎಂಬ ಹಕ್ಕಿ ಉಂಟು. ಕಡ್ಡಿಗಾಲು, ದೊಡ್ಡ ಹಳದಿ ಕಣ್ಣು. ಹಗಲೆಲ್ಲ ಪೊದೆಯ ಪಕ್ಕ ಕಲ್ಲಿನಂತೆ ನಿಂತಿರುತ್ತದೆ. ಹೊತ್ತು ಮುಳುಗಿದರೆ ಸಾಕು, ಯಾರೋ ಹೆಣ್ಣುಮಗಳನ್ನು ಹಿಡಿದು ಹಿಂಸೆ ಕೊಡುತ್ತಿದ್ದಾರೆ ಅನ್ನುವ ಹಾಗೆ ಚೀರುತ್ತದೆ. ನಾವು ಬಂದ ಹೊಸದರಲ್ಲಿ ಅದನ್ನು ಕೇಳಿ, ಬೆವರುತ್ತಾ ಪೊಲೀಸರಿಗೆ ಫೋನ್ ಮಾಡಿದ್ದೆ. ಆ ಕಡೆಯ ಹೆಂಗಸು ಬಹಳ ತಾಳ್ಮೆಯಿಂದ, ಅದು ಹಕ್ಕಿ ಡಾರ್ಲಿಂಗ್, ಹೋಗಿ ಟೀ ಕುಡಿ ಎಂದಳು. ಅಂದಿನಿಂದ ನಾನೂ ಎಲ್ಲರಂತಾದೆ. ಚೀರಾಟ ಕೇಳಿದರೆ ಟೀ ಕುಡಿಯುತ್ತೇನೆ. ಒಂದು ಊರಿಗೆ ಊರೇ ಹೆಣ್ಣಿನ ಚೀರಾಟಕ್ಕೆ ತಲೆಯೆತ್ತದ ಹಾಗೆ ಪಳಗಿದೆ ಎಂಬುದನ್ನು ಆಗ ಯೋಚಿಸಿರಲಿಲ್ಲ. ಈಗ ಯೋಚಿಸುತ್ತೇನೆ, ಹೆಚ್ಚಾಗಿ ಟೀ ಕುಡಿಯುವಾಗಲೇ.

ನಮ್ಮ ಮಗಳು ಮೇಘಾ ಯೂನಿವರ್ಸಿಟಿಗೆ ಸೇರಿದಾಗ, ದಿನಾ ರೈಲಿನಲ್ಲಿ ಓಡಾಡಲಾರೆ ಎಂದು ಹಟ ಹಿಡಿದು ನದೀ ದಂಡೆಯ ಒಂದು ಹಳೆಯ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಹೋದಳು. ಹಾಸ್ಟೆಲ್ ಎಂದರೆ ಅವಳಿಗೆ ಸಿಟ್ಟು, ಅದು ಕಾಲೇಜ್ ಅನ್ನುತ್ತಾಳೆ. ಅಮೆರಿಕದಲ್ಲಿ ಸೊರಾರಿಟಿ ಎಂದು ಹೆಣ್ಣುಮಕ್ಕಳ ಗುಂಪುಗಳು ಇರುತ್ತವಂತೆ, ಪ್ರತಿ ವರ್ಷ ಹೊಸಬರನ್ನು ಆರಿಸಿ ತಮ್ಮೊಳಗೆ ಸೇರಿಸಿಕೊಳ್ಳುತ್ತವಂತೆ. ಇಲ್ಲಿ ಅಂಥದ್ದಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಇತ್ತು, ಹೆಸರು ಮಾತ್ರ ಬೇರೆ. ವರ್ಷದ ಆರಂಭದಲ್ಲಿ ‘ಅಕ್ಕಂದಿರ ಸಂಜೆ’ ಎಂದು ನಡೆಯುತ್ತದೆ. ಹಿರಿಯ ಹುಡುಗಿಯರು ಒಬ್ಬೊಬ್ಬ ಹೊಸಬಳನ್ನು ತಂಗಿಯೆಂದು ಆರಿಸಿಕೊಳ್ಳುತ್ತಾರೆ. ಆ ಸಂಜೆ ತಂಗಿಯಾಗದವಳಿಗೆ ಊಟದ ಮೇಜಿನಲ್ಲಿ ಖಾಯಂ ಜಾಗ ಇರುವುದಿಲ್ಲ, ವರ್ಷವಿಡೀ ತಟ್ಟೆ ಹಿಡಿದು ಖಾಲಿ ಕುರ್ಚಿ ಹುಡುಕಬೇಕು. ಮೇಘಾ ಇದನ್ನು ಹೇಳುವಾಗ ನಗುತ್ತಿದ್ದಳು, ಉಗುರು ಮಾತ್ರ ಕಚ್ಚುತ್ತಿದ್ದಳು.

ಮೊದಲ ದಿನ ನಮಗೆ ಕಟ್ಟಡ ತೋರಿಸಿದವಳು ಜಾರ್ಜಿಯಾ ಎಂಬ ಹಿರಿಯ ಹುಡುಗಿ. ಎತ್ತರದವಳು, ಸಭ್ಯಸ್ಥೆ. ಮರದ ಮೆಟ್ಟಿಲು ಹತ್ತುವಾಗ ನಡುವಿನ ಒಂದು ಮೆಟ್ಟಿಲನ್ನು ತುಳಿಯದೆ ದಾಟಿದಳು, ಮೇಘಾಗೂ ದಾಟಲು ಹೇಳಿದಳು. ಏಕೆ ಎಂದು ಕೇಳಿದೆ. ಗೊತ್ತಿಲ್ಲ, ಯಾವಾಗಲೂ ಹೀಗೇ ಎಂದಳು. ಊಟದ ಮನೆಯ ಕಿಟಕಿಯ ಪಕ್ಕ ಒಂದು ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಅದೂ ಯಾವಾಗಲೂ ಹಾಗೇ. ಒಂದು ಹಳೆಯ ಫೋಟೋದ ಮುಂದೆ ಹಾದುಹೋಗುವಾಗ ಅವಳು ಉಸಿರು ಬಿಗಿಹಿಡಿದಳು. ಶ್ರೀಧರ ನನ್ನ ಕಿವಿಯಲ್ಲಿ, ‘ನಿಮ್ಮಜ್ಜಿ ಮನೆಗಿಂತ ಮಡಿ ಜಾಸ್ತಿ ಕಣೇ ಇಲ್ಲಿ’ ಎಂದರು. ನಾನು ನಕ್ಕೆ. ಆದರೂ ಇಳಿಯುವಾಗ ಆ ಮೆಟ್ಟಿಲನ್ನು ಇಬ್ಬರೂ ತುಳಿಯಲಿಲ್ಲ. ಸೀನಿದರೆ ಹೊರಟ ಕಾಲು ಹಿಂದೆ ತೆಗೆದು, ಕೂತು ನೀರು ಕುಡಿದು ಹೋಗುವ ವಂಶ ನಮ್ಮದು.

ಅಕ್ಕಂದಿರ ಸಂಜೆಗೆ ತಂದೆತಾಯಿಯರೂ ಬರಬಹುದಿತ್ತು. ಹುಡುಗಿಯರು ಬಿಳಿ ಬಟ್ಟೆಯಲ್ಲಿ ಬರಬೇಕು, ಹತ್ತಿಯದಾಗಿರಬೇಕು, ಜೋಲುವಂಥದ್ದು ಬೇಡ ಎಂದಿತ್ತು ಸೂಚನೆ. ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿರುವ ವಸು ಅತ್ತಿಗೆಗೆ, ಎಂದರೆ ಶ್ರೀಧರನ ಅಕ್ಕನಿಗೆ, ಫೋನಿನಲ್ಲಿ ಹೇಳಿದೆ. ‘ಮದುವೆಯಾಗದ ಹುಡುಗಿಗೆ ಬರೀ ಬಿಳೀನಾ? ಬೇಡ ಕಣೇ. ಒಂದು ಕೆಂಪು ಅಂಚಾದ್ರೂ ಇರ್ಲಿ. ಸೀರೆ ಉಡ್ಸು, ಎಲ್ಲರ ಕಣ್ಣು ನಮ್ಮ ಹುಡುಗಿ ಮೇಲೇ ಇರುತ್ತೆ’ ಎಂದರು ಅತ್ತಿಗೆ. ಅವರ ಮಾತಿನ ಕೊನೆಯ ಭಾಗ ಅಕ್ಷರಶಃ ನಿಜವಾಗಬೇಕಿತ್ತು, ಆಗಲಿಲ್ಲ. ನನ್ನ ಬಳಿ ಕೆಂಪಂಚಿನ ಒಂದು ಬಿಳಿ ಶಿಫಾನ್ ಸೀರೆಯಿತ್ತು, ಊದಿದರೆ ಹಾರುವಂಥದ್ದು. ಮೇಘಾ, ‘ಅಮ್ಮಾ, ಇಟ್ ಸೆಡ್ ಕಾಟನ್’ ಎಂದಳು. ದಿನವಿಡೀ ಕಿಂಡಿಯಲ್ಲಿ ಕೂತು ಲೇಬಲ್ ಪೂರ್ತಿ ಓದಿ, ಲೇಬಲ್ ಪೂರ್ತಿ ಓದಿ ಎಂದು ಜಪಿಸುವ ನಾನು, ‘ಸೀರೆ ಉಟ್ಟವರನ್ನ ಯಾರೂ ಬಟ್ಟೆ ಮುಟ್ಟಿ ನೋಡಲ್ಲ, ಸುಮ್ನಿರು’ ಎಂದೆ.

ಹಾಲ್‌ನ ಕಿಟಕಿಯ ಮರದ ಬಾಗಿಲುಗಳನ್ನೆಲ್ಲ ಮುಚ್ಚಿದ್ದರು. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ, ಸಂದಿಗಳಲ್ಲಿ ಕೆಂಪು ಗೆರೆಗಳು. ನದಿಯ ಕಡೆಯಿಂದ ಬಾವಲಿಗಳ ಗಲಾಟೆ. ಹೊಸ ಹುಡುಗಿಯರು ನೆಲದ ಮೇಲೆ ವೃತ್ತವಾಗಿ ಕೂತು ಕಣ್ಣು ಮುಚ್ಚಿದ್ದರು. ಹಿರಿಯರು ಅವರ ಬೆನ್ನಿನ ಹಿಂದೆ ಇನ್ನೊಂದು ವೃತ್ತವಾಗಿ ನಿಂತಿದ್ದರು. ಇಡೀ ಕೋಣೆಗೆ ಒಂದೇ ಮೇಣದ ಬತ್ತಿ. ಅದು ಹಿರಿಯರ ಕೈಯಿಂದ ಕೈಗೆ ಸಾಗುತ್ತದೆ. ತನಗೆ ಬೇಕಾದವಳ ಹಿಂದೆ ಬಂದಾಗ ಅಕ್ಕ ಬಗ್ಗಿ, ತಾನೂ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಏನೋ ಬೇಡಿಕೊಂಡು, ದೀಪ ಆರಿಸುತ್ತಾಳೆ. ಮತ್ತೆ ಹಚ್ಚುತ್ತಾರೆ, ಮತ್ತೆ ಸಾಗುತ್ತದೆ. ಮುಗಿಯುವ ತನಕ ಯಾರೂ ತುಟಿ ಬಿಚ್ಚಬಾರದು. ಬಿಚ್ಚಿದರೆ ಆಗ ದೀಪದ ಮುಂದೆ ಕೂತವಳು ಆ ವರ್ಷ ಅಲ್ಲಿ ಉಳಿಯುವುದಿಲ್ಲವಂತೆ. ಪಾರ್ಕಿನಲ್ಲಿ ಬಾರ್ಬೀ ಎಂಬ ಮಾಂಸ ಸುಡುವ ಒಲೆ ಹಚ್ಚಲೂ ಹತ್ತು ನಿಯಮ ಓದಿಸುವ ಈ ದೇಶದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಸೂರು ನೋಡಿದೆ. ಅಲ್ಲಿದ್ದ ಹೊಗೆಯ ಅಲಾರಂ ಬಡಿದುಕೊಳ್ಳದಿರಲೆಂದು ಯಾರೋ ಅದಕ್ಕೆ ಪ್ಲಾಸ್ಟಿಕ್ಕಿನ ಸ್ನಾನದ ಟೋಪಿ ತೊಡಿಸಿದ್ದರು. ಇದು ನನಗೆ ಗೊತ್ತಿದ್ದ ಉಪಾಯವೇ. ನಮ್ಮ ಗೃಹಪ್ರವೇಶದ ಹೋಮದ ದಿನ ಶ್ರೀಧರ ಏಣಿ ಹತ್ತಿ ಅದೇ ಕೆಲಸ ಮಾಡಿದ್ದರು. ಮನುಷ್ಯರು ಎಲ್ಲ ಕಡೆಯೂ ಒಂದೇ ಎಂದು ಆ ಕ್ಷಣ ನನಗೆ ಬಹಳ ಸಂತೋಷವಾಯಿತು. ಅಂಥ ಸಂತೋಷದ ಬಗ್ಗೆ ಈಗ ನನಗೆ ಅನುಮಾನವಿದೆ.

ದೀಪ ಜಾರ್ಜಿಯಾಳ ಕೈಗೆ ಬಂತು. ಅವಳು ಮೇಘಾಳ ಹಿಂದೆ ನಿಂತಳು. ಮೇಜಿನಲ್ಲಿ ನನ್ನ ಮಗಳಿಗೆ ಜಾಗ ಸಿಕ್ಕಿತು ಎಂದು ಶ್ರೀಧರನ ಕೈ ಹಿಸುಕಿದೆ. ಜಾರ್ಜಿಯಾ ಕಣ್ಣು ಮುಚ್ಚಿ ಬಗ್ಗಿದಳು. ಬತ್ತಿಯೂ ಬಗ್ಗಿತು. ಮೇಘಾಳ ಸೆರಗು ನೆಲದ ಮೇಲೆ ಹಿಂದಕ್ಕೆ ಹರಡಿತ್ತು. ಅದರ ತುದಿಯಲ್ಲಿ ಒಂದು ಚಿಕ್ಕ ಬೆಳಕು ಕೂತುಕೊಂಡಿತು, ಮಿಂಚುಹುಳುವಿನ ಹಾಗೆ. ಆಮೇಲೆ ಆ ಮಿಂಚುಹುಳು ನಡೆಯತೊಡಗಿತು.

ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೋಣೆ ಹಾಗೇ ಇರುತ್ತದೆ. ಅಕ್ಕನ ಕಣ್ಣು ಮುಚ್ಚಿದೆ, ತಂಗಿಯ ಕಣ್ಣು ಮುಚ್ಚಿದೆ. ಗೋಡೆಯ ಪಕ್ಕ ಕೂತ ತಂದೆತಾಯಿಯರು ಕತ್ತಲಲ್ಲಿ ಮುಗುಳ್ನಗುತ್ತಿದ್ದಾರೆ. ಕೆಂಪಂಚಿನ ಸೀರೆಯಲ್ಲಿ ಜರಿ ಹೊಳೆಯುತ್ತಿದೆ ಅಂದುಕೊಂಡರೋ, ಇದೂ ಕಾರ್ಯಕ್ರಮದ ಒಂದು ಅಂಗ ಅಂದುಕೊಂಡರೋ. ಶ್ರೀಧರ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಹೊರಗೆ ಕರ್ಲ್ಯೂ ಚೀರಿತು, ಯಾರೂ ತಿರುಗಲಿಲ್ಲ. ಮಗಳ ಬೆನ್ನಿಗೆ ಬೆಂಕಿ ಹತ್ತುತ್ತಿದೆ. ನಾನು, ಅವಳನ್ನು ಹೆತ್ತವಳು, ಬಾಯಿ ತೆರೆದೆ. ಏನು ಬಂತು ಗೊತ್ತೇ? ‘ಎಕ್ಸ್‌ಕ್ಯೂಸ್ ಮಿ.’ ಅದೂ ಗಾಜಿನ ಕಿಂಡಿಯ ದನಿಯಲ್ಲಿ. ಪಕ್ಕದಲ್ಲಿ ಕೂತಿದ್ದ ಮುತ್ತಿನ ಸರದ ವಯಸ್ಸಾದ ಹೆಂಗಸು, ಅದೇ ಕಾಲೇಜಿನಲ್ಲಿ ಹಿಂದೆ ಓದಿದವರು, ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ನಾನು ಸಾರಿ ಎಂದೆ.

ಆಮೇಲೆ ಎಲ್ಲಿಂದಲೋ ಮೈಸೂರಿನ ಮಹಡಿ ಎದ್ದು ಬಂತು. ‘ಮೇಘಾ, ಸೆರಗು ಬಿಡೇ, ಬೆಂಕಿ’ ಎಂದು ನಾನು ಕೂಗಿದ ಕೂಗಿಗೆ ನದಿಯಾಚೆ ಸೊಪ್ಪಿನವಳು ಯಾರಾದರೂ ಇದ್ದಿದ್ದರೆ ಬಂದುಬಿಡುತ್ತಿದ್ದಳು. ಹಾಗೆ ಕೂಗುತ್ತಲೇ, ತಿಂಡಿಯ ಮೇಜಿನ ಮೇಲಿದ್ದ ಜಗ್ ಎತ್ತಿಕೊಂಡು ವೃತ್ತ ಮುರಿದು ನುಗ್ಗಿ, ಅದರಲ್ಲಿದ್ದ ಕೆಂಪು ಶರಬತ್ತನ್ನೆಲ್ಲ ಮಗಳ ಬೆನ್ನ ಮೇಲೆ ಸುರಿದೆ. ಬೆಂಕಿ ಆರಿತು. ಮೇಘಾ ಮೊಣಕೈ ಹಿಡಿದುಕೊಂಡು, ಆರತಿ ನೀರಿನಲ್ಲಿ ಅದ್ದಿದ ಗೊಂಬೆಯ ಹಾಗೆ ತೊಟ್ಟಿಕ್ಕುತ್ತಾ ಕೂತಿದ್ದಳು. ಆಗಲೂ ಯಾರೂ ಮಾತಾಡಲಿಲ್ಲ. ಬೆಂಕಿಗಿಂತ ಹೆಚ್ಚಾಗಿ ಅದು ನನ್ನನ್ನು ಹೆದರಿಸಿತು. ಅಷ್ಟೂ ಬಿಳಿ ಬಟ್ಟೆಯ ಹುಡುಗಿಯರು ಕಣ್ಣು ಬಿಟ್ಟು ನನ್ನನ್ನು ನೋಡುತ್ತಿದ್ದರು, ತುಟಿ ಬಿಗಿದುಕೊಂಡೇ ಇದ್ದರು. ಕೊನೆಗೆ ಜಾರ್ಜಿಯಾ ಮತ್ತೆ ಬಗ್ಗಿ, ಬತ್ತಿಯನ್ನು ಉಫ್ ಎಂದು ಆರಿಸಿದಳು. ಕತ್ತಲಾಯಿತು. ಮೇಘಾ ತಂಗಿಯಾದಳು.

ಮೊಣಕೈ ಹತ್ತಿರ ಒಂದು ಗುರುತು ಉಳಿದದ್ದು ಬಿಟ್ಟರೆ ಮಗಳಿಗೆ ಏನೂ ಆಗಲಿಲ್ಲ. ನೀನು ಕೂಗಿದ್ದರಿಂದ ನಾನು ಅಲ್ಲಿ ಉಳಿಯುವುದಿಲ್ಲವೇನೋ ಎಂದು ಒಂದು ತಿಂಗಳು ಹೆದರಿದ್ದಳು, ಉಳಿದಳು. ನಿದ್ದೆಗೆಟ್ಟವಳು ನಾನೇ. ಆಸ್ಪತ್ರೆಯಲ್ಲಿ ಯಾರಾದರೂ ಎಕ್ಸ್‌ಕ್ಯೂಸ್ ಮಿ ಎಂದರೆ ಮೊದಲು ಅವರ ಬೆನ್ನ ಹಿಂದೆ ನೋಡುತ್ತೇನೆ. ಮನೆಯ ಅಲಾರಂಗೆ ತೊಡಿಸಲು ಇಟ್ಟಿದ್ದ ಟೋಪಿಗಳನ್ನೆಲ್ಲ ಎಸೆದೆ. ಈಗ ಒಗ್ಗರಣೆ ಹಾಕಿದರೂ ಅದು ಬಡಿದುಕೊಳ್ಳುತ್ತದೆ. ಬಡಿದುಕೊಳ್ಳಲಿ, ಮನೆಯಲ್ಲಿ ಒಬ್ಬರಿಗಾದರೂ ಹೊತ್ತಿಗೆ ಸರಿಯಾಗಿ ಕೂಗಲು ಬರಲಿ.

ಈ ವರ್ಷ ಮತ್ತೆ ಕರೆ ಬಂತು. ಮೇಘಾ ಈಗ ಅಕ್ಕ. ಹೋಗುವುದಿಲ್ಲ ಎಂದೆ, ಹೋದೆ. ಬತ್ತಿಯ ಬದಲು ಬ್ಯಾಟರಿ ದೀಪ ಬಂದಿತ್ತು. ಅದೊಂದೇ ಬದಲಾವಣೆ ಅಂದುಕೊಂಡೆ. ಅದೇ ಮುಚ್ಚಿದ ಕಿಟಕಿ, ಅದೇ ಕೆಂಪು ಗೆರೆ, ನನ್ನ ಪಕ್ಕದಲ್ಲಿ ಅದೇ ಮುತ್ತಿನ ಸರ. ದೀಪ ಸಾಗುತ್ತಾ ಹೋಗಿ ಮೊದಲಿಗೆ ಉದ್ದ ಲಂಗದ ಒಬ್ಬ ಹುಡುಗಿಯ ಹಿಂದೆ ನಿಂತಿತು. ಅಕ್ಕನಾಗುವವಳು ಕಣ್ಣು ಮುಚ್ಚಿ ಬಗ್ಗಿದಳು. ಬ್ಯಾಟರಿ ಎಂದು ನನ್ನ ತಲೆಗೆ ಗೊತ್ತು, ಗಂಟಲಿಗೆ ಗೊತ್ತಿಲ್ಲ. ‘ಮೇಘಾ’ ಎಂದು ಕೂಗಿಬಿಟ್ಟೆ. ಮುಂದಿನದನ್ನು ಕೂಗಲು ನನಗೆ ಬಿಡುವೇ ಸಿಗಲಿಲ್ಲ. ಹಿರಿಯ ಹುಡುಗಿಯರೆಲ್ಲ ಒಂದೇ ದನಿಯಲ್ಲಿ, ಮುಖದಲ್ಲಿ ಯಾವ ಭಾವವೂ ಇಲ್ಲದೆ, ಕೂಗಿದರು: ‘ಮೇಗಾ, ಸೆರಾಗು ಬಿಡೇ, ಬೆಂಕಿ.’ ಒಬ್ಬಳು ಜಗ್ ಹಿಡಿದು ಬಂದು, ಕಣ್ಣು ಮುಚ್ಚಿ ಕೂತ ಆ ಹುಡುಗಿಯ ಬೆನ್ನಿಗೆ ಕೆಂಪು ಶರಬತ್ತು ಚಿಮುಕಿಸಿದಳು. ದೀಪ ಆರಿತು. ಮತ್ತೆ ಹತ್ತಿತು. ಮುಂದಿನ ಹುಡುಗಿಯ ಹಿಂದೆ ನಿಂತಾಗ ಮತ್ತೆ ಅದೇ ಕೂಗು. ನನ್ನದೇ ಕೂಗು, ಒಳಗಿನ ಭಯವನ್ನು ತೆಗೆದು, ತೊಳೆದು, ಇಸ್ತ್ರಿ ಮಾಡಿದ ಹಾಗೆ.

ಮುಗಿದ ಮೇಲೆ ಹೊಸ ಹುಡುಗಿಯೊಬ್ಬಳ ತಂದೆ ಮುತ್ತಿನ ಸರದವರನ್ನು ಅದೇನು ಎಂದು ಕೇಳಿದರು. ‘ಬಹಳ ಹಳೆಯದು. ಲ್ಯಾಟಿನ್ ಇರಬೇಕು. ನಮ್ಮ ಕಾಲದಲ್ಲೂ ಹೀಗೇ ಕೂಗ್ತಿದ್ವಿ’ ಎಂದರು ಆಕೆ. ಸುಳ್ಳು ಹೇಳುವವರ ಮುಖವಲ್ಲ ಅದು. ಹೋದ ವರ್ಷ ತುಟಿಯ ಮೇಲೆ ಬೆರಳಿಟ್ಟವರು ನೀವೇ ಅಲ್ಲವೇ ಎಂದು ಕೇಳಬೇಕೆಂದಿದ್ದೆ. ಕಣ್ಣಲ್ಲಿ ನನ್ನ ಗುರುತೇ ಇಲ್ಲದೆ, ಅಜ್ಜಿಯರಿಗೆ ಮಾತ್ರ ಬರುವ ಪ್ರೀತಿಯಿಂದ ನನ್ನನ್ನು ನೋಡಿ ನಕ್ಕರು. ನಾನು ಆ ಮೆಟ್ಟಿಲನ್ನು ನೆನೆದೆ, ಗೋಡೆಗೆ ಮುಖ ಮಾಡಿದ ಕುರ್ಚಿಯನ್ನು ನೆನೆದೆ. ಅಲ್ಲಿಯೂ ಯಾವ ತಾಯಿ ಏನನ್ನು ಕಂಡು ಕೂಗಿದ್ದಳೋ, ಯಾರಿಗೆ ಗೊತ್ತು.

ವಸು ಅತ್ತಿಗೆಗೆ ವಿಷಯ ತಿಳಿದು, ಆಸ್ಟ್ರೇಲಿಯಾದ ಕಾಲೇಜಿನಲ್ಲಿ ಕನ್ನಡ ಮೊಳಗಿತು ಎಂದು ಪರ್ತ್‌ನಿಂದ ಅಡಿಲೇಡ್ ತನಕ ಸುದ್ದಿ ಮುಟ್ಟಿಸಿದ್ದಾರೆ. ನನಗೆ ಮಾತ್ರ ಅವತ್ತು ಕಾರಿನ ತನಕ ಬಂದ ಮೇಘಾಳ ಮಾತೇ ಕಿವಿಯಲ್ಲಿದೆ. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಶರಬತ್ತಿನ ಅಂಟು ಕೈಯಲ್ಲಿ ನನ್ನ ಕೈ ಹಿಡಿದು, ‘ಅಮ್ಮಾ, ನೀನು ಎಲ್ಲರಿಗಿಂತ ಮುಂಚೆ ಕೂಗ್ಬಿಟ್ಟೆ’ ಎಂದಳು. ಅವಳ ಮೊಣಕೈಯ ಗುರುತು ನನ್ನ ಬೆರಳಿಗೆ ತಾಗಿತು. ಅಭ್ಯಾಸಬಲದಿಂದ ಸಾರಿ ಅನ್ನಲು ಬಾಯಿ ತೆರೆದವಳು, ಈ ಒಂದು ಸಲಕ್ಕೆ ಮುಚ್ಚಿಕೊಂಡೆ.