ನಮ್ಮತ್ತೆಯ ಸೊನ್ನೆ ಮತ್ತು ಎರಡು ಅಂಗುಲ

ನಾನು ಪಾಠ ಮಾಡುವ ಶಾಲೆಯಲ್ಲಿ ಸೊನ್ನೆ ತೆಗೆದ ಮಕ್ಕಳ ತಾಯಂದಿರು ಕಣ್ಣೀರು ಹಾಕುತ್ತಾರೆ. ನಮ್ಮತ್ತೆಗೆ ಸೊನ್ನೆ ಬಂದರೆ ಅವತ್ತು ಮನೆಯಲ್ಲಿ ಶ್ಯಾವಿಗೆ ಪಾಯಸ! ನೂರು ಬಂದರೆ ಮಾತ್ರ ಮುಖ ಸಿಂಡರಿಸಿಕೊಂಡು, ಯಾವನೋ ಇದನ್ನು ನೂರಕ್ಕೆ ಹತ್ತಿಸಿದವನು ಎಂದು ಕಂಪ್ಯೂಟರಿಗೆ ಬಯ್ಯುತ್ತಾರೆ. ಇಂಥವರ ಸೊಸೆಯಾಗಿ ಹನ್ನೆರಡು ವರ್ಷ ಬಾಳಿದ್ದೇನೆ. ನನ್ನ ತಾಳ್ಮೆಗೆ ಎಷ್ಟು ಅಂಕ ಎಂದು ನೀವೇ ಹೇಳಿ. ದಯವಿಟ್ಟು ಸೊನ್ನೆ ಬೇಡ.

ಅತ್ತೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವರು. ಮೊದಲು ಟ್ರೇಸಿಂಗ್ ಹಾಳೆ, ಇಂಕು ಪೆನ್ನು, ಆಮೇಲೆ ಕಂಪ್ಯೂಟರ್. ನಿವೃತ್ತಿಯಾದ ಮೇಲೆ ಸಿದ್ಧಾರ್ಥನಗರದ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಕೂತು, ಊರಿನ ಎಂಜಿನಿಯರುಗಳು ಕೆಡಿಸಿ ಕಳಿಸಿದ ನಕ್ಷೆಗಳಿಗೆ ಔಷಧ ಮಾಡುತ್ತಾರೆ. ಕಂಪ್ಯೂಟರಿನ ನಕ್ಷೆಯಲ್ಲಿ ಪ್ರತಿ ಗೆರೆಗೂ ಉದ್ದ, ಅಗಲದ ಜೊತೆ ಎತ್ತರದ ಲೆಕ್ಕವೂ ಇರುತ್ತದಂತೆ. ಮನೆಯ ನಕ್ಷೆಯಲ್ಲಿ ಆ ಎತ್ತರ ಎಲ್ಲ ಕಡೆಯೂ ಸೊನ್ನೆಯೇ ಇರಬೇಕು. ಯಾರದೋ ಕೈತಪ್ಪಿನಿಂದ ಒಂದು ಗೆರೆ ನೆಲದ ಮೇಲೆ, ಇನ್ನೊಂದು ಅಂತರಿಕ್ಷದಲ್ಲಿ! ಮೇಲಿನಿಂದ ನೋಡಿದರೆ ಎರಡೂ ಕೂಡಿದಂತೆಯೇ ಕಾಣುತ್ತವೆ. ಅಳೆಯಲು ಹೋದರೆ ಹತ್ತು ಅಡಿಯ ಗೋಡೆ ನಾನು ಹದಿಮೂರು ಅಡಿ ಎಂದು ಸುಳ್ಳು ಹೇಳುತ್ತದೆ.

ಎಲ್ಲ ಗೆರೆಗಳನ್ನೂ ಒಂದೇ ಏಟಿಗೆ ಇಳಿಸುವ ಉಪಾಯವೂ ಇದೆಯಂತೆ. ಅತ್ತೆ ಅದನ್ನು ಮುಟ್ಟುವುದಿಲ್ಲ. ಒಂದೊಂದೇ ಗೆರೆಯನ್ನು ಹಿಡಿದು, ವಿಚಾರಣೆ ಮಾಡಿ, ಸಾಕು ಮೆರೆದಿದ್ದು ಇಳಿಯಪ್ಪಾ ಕೆಳಗೆ ಎಂದು ಗದರಿಸಿ ಇಳಿಸುತ್ತಾರೆ. ಮನೆಗೆ ಬಂದ ನೆಂಟರು ಇದನ್ನು ಕೇಳಿ, ಮಕ್ಕಳು ಅಟ್ಟ ಹತ್ತಿದ್ದಾರೆಂದು ಹುಡುಕಿದ್ದೂ ಉಂಟು.

ಒಮ್ಮೆ ಹಿನಕಲ್‌ನ ಎಂಜಿನಿಯರೊಬ್ಬ ಕಳಿಸಿದ ನಕ್ಷೆಯಲ್ಲಿ ಅಡುಗೆಮನೆಯ ಕಿಟಕಿ ಸಾವಿರ ಅಡಿ ಮೇಲಿತ್ತು. ಮನೆಯೊಡತಿ ಚಾಮುಂಡಿಬೆಟ್ಟದ ತುದಿಯಲ್ಲಿ ನಿಂತು ಒಗ್ಗರಣೆ ಹಾಕಬೇಕಿತ್ತು! ಅತ್ತೆ ಫೋನು ಮಾಡಿದರು.

"ಮೇಲಿಂದ ನೋಡಿದ್ರೆ ಸರಿಯಾಗೇ ಇದೆಯಲ್ಲ ಮೇಡಂ?" ಎಂದನಂತೆ ಅವನು.

"ಮೇಲಿಂದ ನೋಡಿದ್ರೆ ಎಲ್ರೂ ಸರಿಯಾಗೇ ಕಾಣ್ತಾರೆ ಕಣಪ್ಪ. ಒಂದು ಸಲ ಪಕ್ಕಕ್ಕೆ ಬಂದು ನೋಡು."

ಇನ್ನು ಕೆಲವರಿದ್ದಾರೆ. ಸೈಟು ಓರೆಯಾಗಿದೆಯೆಂದು ನಕ್ಷೆಯ ದಿಕ್ಕುಗಳನ್ನೇ ತಿರುಗಿಸಿಕೊಂಡು ಬರೆಯುತ್ತಾರೆ. ಬರೆದಾದ ಮೇಲೆ, ತಿರುಗಿಸಿದ್ದನ್ನೇ ಮರೆಯುತ್ತಾರೆ. ಮುಂದೆ ಬಂದವನು ನೇರವಾಗಿ ಎಳೆದ ಗೆರೆಯೂ ಸೊಟ್ಟ. ಅಂಥವರು ನಕ್ಷೆಯನ್ನೇ ದೂರಿದರೆ ಅತ್ತೆಯ ತೀರ್ಪು ಒಂದೇ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಈ ರೋಗ ಕಂಪ್ಯೂಟರಿನೊಳಗೇ ಇದ್ದಿದ್ದರೆ ನನಗೇನು ಕಷ್ಟವಿತ್ತು? ನನ್ನನ್ನು ನೋಡಲು ಬಂದ ದಿನ ಅತ್ತೆ ಉಪ್ಪಿಟ್ಟು ಮುಟ್ಟಲಿಲ್ಲ. ನನ್ನ ತಲೆಯ ಮೇಲೆಯೇ ಕಣ್ಣು ನೆಟ್ಟು ಕೂತಿದ್ದರು. ಹುಡುಗಿ ಹಿಡಿಸಲಿಲ್ಲ ಎಂದು ನಮ್ಮಮ್ಮನ ಮುಖ ಬಾಡಿತು. ಕೊನೆಗೆ ಅತ್ತೆ ಎದ್ದು ಬಂದು, ನನ್ನ ಹಿಂದೆ ವಾಲಿಕೊಂಡಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಹಿಂದೆ ಸರಿದು ನೋಡಿ, ಈಗ ಸರಿಹೋಯಿತು, ನಮಗೆ ಒಪ್ಪಿಗೆ ಎಂದರು. ಒಪ್ಪಿದ್ದು ನನ್ನನ್ನೋ ಕ್ಯಾಲೆಂಡರನ್ನೋ, ಇಂದಿಗೂ ಕೇಳುವ ಧೈರ್ಯ ನನಗಿಲ್ಲ. ನಮ್ಮ ದೋಸೆಕಾವಲಿಯ ಕೆಳಗೆ, ಮೇಸ್ತ್ರಿಗಳು ಮಟ್ಟ ನೋಡಲು ಇಡುವ ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಹಿಟ್ಟು ಹುಯ್ಯುವಂತಿಲ್ಲ. ಪೂಜೆ ಮುಗಿಸಿ ಬಂದ ಮಾವನ ಹಣೆಯ ಮೂರು ವಿಭೂತಿ ಗೆರೆಗಳ ನಡುವಿನ ಅಂತರ ಒಂದೇ ಸಮ ಇಲ್ಲವೆಂದು ಒರೆಸಿ, ಮತ್ತೆ ಹಚ್ಚಿಸಿದ್ದನ್ನು ನಾನೇ ಕಂಡಿದ್ದೇನೆ. ಶಿವನೇ ಅಡ್ಡಾದಿಡ್ಡಿ ಕುಣಿಯುವವನು, ಅವನ ವಿಭೂತಿಗೇಕೆ ಸ್ಕೇಲು ಎಂದು ಗೊಣಗುತ್ತಲೇ ಮಾವ ಹಣೆ ಒಡ್ಡುತ್ತಿದ್ದರು.

ಆದರೆ ದೀಪದ ಬುಡ ಕತ್ತಲೆ ನೋಡಿ! ಇಂಥ ಅತ್ತೆ ತಾವೇ ನಕ್ಷೆ ಬರೆದು ಕಟ್ಟಿಸಿದ ಮನೆಯಲ್ಲಿ, ಹಾಲಿನಿಂದ ರೂಮಿಗೆ ಕಾಲಿಡುವ ಜಾಗದಲ್ಲಿ ನೆಲ ಎರಡು ಅಂಗುಲ ಎದ್ದಿತ್ತು. ಎಡವದ ನೆಂಟರಿಲ್ಲ. ಮದುವೆಯಾಗಿ ಬಂದ ದಿನ ನಾನು ಹೊಸಲಿನ ಮೇಲಿನ ಅಕ್ಕಿಸೇರನ್ನು ಬಲಗಾಲಿನಲ್ಲಿ ಚೆನ್ನಾಗಿಯೇ ಒದ್ದು, ಆಮೇಲೆ ಈ ಎರಡು ಅಂಗುಲಕ್ಕೆ ಎಡವಿ ಮಾವನ ಕಾಲ ಬುಡದಲ್ಲಿ ಬಿದ್ದೆ. ಎಂಥ ನಮಸ್ಕಾರ ಎಂದು ಎಲ್ಲರೂ ಮೆಚ್ಚಿದರು. ಮಾವ ಮಾತ್ರ ನನ್ನನ್ನು ಎಬ್ಬಿಸಿ, "ಆ ಹಾಳು ಮೇಸ್ತ್ರಿ ಮಾಡಿದ ಎಡವಟ್ಟು ಕಣಮ್ಮ" ಎಂದರು. ಮೂವತ್ತು ವರ್ಷದಿಂದ ಆ ಮೇಸ್ತ್ರಿಗೆ ನಮ್ಮನೆಯಲ್ಲಿ ದಿನಾ ಮಂಗಳಾರತಿ. ಸರಿಪಡಿಸೋಣವೆಂದರೆ ಮಾವ ಬಡಪೆಟ್ಟಿಗೆ ಒಪ್ಪುತ್ತಿರಲಿಲ್ಲ. ಹಳೆಯ ನಕ್ಷೆ ಎಲ್ಲಿ ಎಂದರೆ, ಗೆದ್ದಲು ತಿಂದುಹೋಯಿತು ಎನ್ನುತ್ತಿದ್ದರು.

ಹೋದ ತಿಂಗಳು ಮಾವ ಬಿದ್ದು ಸೊಂಟದ ಮೂಳೆ ಮುರಿಯಿತು. ಬಚ್ಚಲಲ್ಲಿ ಸೋಪು ತುಳಿದೆ ಎಂದು ನೋಡಲು ಬಂದವರಿಗೆಲ್ಲ ಹೇಳಿದರು. ಬಚ್ಚಲಿರುವುದು ಮನೆಯ ಹಿಂದೆ. ಅವರು ಬಿದ್ದಿದ್ದು ಹಾಲು ಮತ್ತು ರೂಮಿನ ನಡುವೆ. ಎತ್ತಿದವಳು ನಾನೇ. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು, ಹತ್ತು ದಿನಕ್ಕೆ ವಾಕರ್ ಹಿಡಿದು ಮನೆಗೆ ಬರಬಹುದು, ಆದರೆ ಕಾಲಿಗೆ ತಡೆಯುವಂಥದ್ದು ಏನೂ ಇರಬಾರದು, ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದರು.

ಅತ್ತೆ ಅವತ್ತೇ ಹೊಸ ಮೇಸ್ತ್ರಿಯನ್ನು ಕರೆಸಿದರು. ಅವನು ತಲೆ ಕೆರೆದುಕೊಂಡು, ಒಡೆಯುವ ಮೊದಲು ಕೆಳಗೆ ಎಷ್ಟು ದಪ್ಪ ಏನು ಹಾಕಿದ್ದಾರೆ ಗೊತ್ತಾಗಬೇಕು, ಹಳೆಯ ನಕ್ಷೆ ಬೇಕು ಎಂದ. ಗೆದ್ದಲಿನ ಕಥೆಯನ್ನು ನಂಬದೆ ಅತ್ತೆ, ನಾನು ಮನೆಯೆಲ್ಲ ಜಾಲಾಡಿದೆವು. ಮಾವನ ಟ್ರಂಕಿನಲ್ಲಿ, ಮಡಿಸಿಟ್ಟ ಪಂಚೆಗಳ ಅಡಿಯಲ್ಲಿ, ಎರಡು ಟ್ರೇಸಿಂಗ್ ಹಾಳೆ ಸಿಕ್ಕವು. ಎರಡೂ ಅತ್ತೆಯ ಕೈಬರಹ. ಒಂದು ಹಾಲಿನದು, ಇನ್ನೊಂದು ರೂಮಿನದು. ಹಾಲಿನ ಹಾಳೆಯಲ್ಲಿ ಎತ್ತರದ ಸೊನ್ನೆ ಎಂದರೆ ಗಾರೆ ಬಳಿದು ಮುಗಿಸಿದ ನೆಲ. ರೂಮಿನ ಹಾಳೆಯಲ್ಲಿ ಸೊನ್ನೆ ಎಂದರೆ ಬರೀ ಕಾಂಕ್ರೀಟು. ಅದರ ಮೇಲೆ ಎರಡು ಅಂಗುಲ ಗಾರೆ. ಪಾಪದ ಮೇಸ್ತ್ರಿ ಹಾಳೆಯಲ್ಲಿದ್ದಂತೆಯೇ ಕಟ್ಟಿದ್ದ! ಮಾವ ತಮ್ಮ ಕಚೇರಿಯ ಕೆಂಪು ಪೆನ್ಸಿಲಿನಲ್ಲಿ ಎರಡು ಸೊನ್ನೆಗಳಿಗೂ ಸುತ್ತು ಹಾಕಿ, ಗುಂಡುಪಿನ್ನು ಚುಚ್ಚಿ, ಮಡಿಸಿ ಇಟ್ಟಿದ್ದರು. ಪಿನ್ನು ಪೂರಾ ತುಕ್ಕು ಹಿಡಿದಿತ್ತು.

ಅತ್ತೆ ಟ್ರಂಕಿನ ಪಕ್ಕದಲ್ಲೇ ಕೂತುಬಿಟ್ಟರು. ಗೋಡೆಯ ಮೇಲೆ ಮಾವನ ಫೋಟೋ ಒಂದು ಕಡೆಗೆ ವಾಲಿತ್ತು. ಅವರು ಅದರ ಕಡೆ ನೋಡಲೇ ಇಲ್ಲ. ನಿಜ ಹೇಳುತ್ತೇನೆ, ಹನ್ನೆರಡು ವರ್ಷದಲ್ಲಿ ಮೊದಲ ಸಲ ನನಗೆ ಆ ಮನೆಯಲ್ಲಿ ಭಯವಾಯಿತು.

ಮರುದಿನದಿಂದ ಒಡೆಯುವ ಸದ್ದು. ಅತ್ತೆ ರಸಮಟ್ಟ ಹಿಡಿದು ಮೇಸ್ತ್ರಿಯ ನೆತ್ತಿಯ ಮೇಲೇ ನಿಂತಿದ್ದರು, ಆದರೆ ಒಂದು ಬೈಗುಳವೂ ಬರಲಿಲ್ಲ. ಅವನೇ ಗಾಬರಿಯಾಗಿ, ಅಮ್ಮಾವ್ರಿಗೆ ಹುಷಾರಿಲ್ವಾ ಎಂದು ನನ್ನನ್ನು ಕೇಳಿದ. ಹತ್ತನೆಯ ದಿನಕ್ಕೆ ಹಾಲು ಮತ್ತು ರೂಮಿನ ನಡುವೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಂತಿತು.

ಮಾವ ಬಂದರು. ವಾಕರ್ ಮುಂದಿಡುತ್ತಾ, ನಿಧಾನಕ್ಕೆ ಹಾಲು ದಾಟಿ, ಆ ಜಾಗಕ್ಕೆ ಬಂದವರೇ ಅಭ್ಯಾಸಬಲದಿಂದ ಕಾಲು ಎತ್ತಿದರು. ಏನೂ ತಡೆಯಲಿಲ್ಲ. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಕೊಕ್ಕರೆಯಂತೆ ನಿಂತರು. ನಾವೆಲ್ಲ ನಕ್ಕೆವು.

"ಅಲ್ಲೀಗ ಸೊನ್ನೆ ಕಣ್ರೀ, ಕಾಲಿಡಿ" ಎಂದರು ಅತ್ತೆ.

ಮಾವ ಕಾಲಿಟ್ಟು, ಹೊಸ ನೆಲ ನೋಡಿದರು. ಆಮೇಲೆ ತೆರೆದಿದ್ದ ಟ್ರಂಕನ್ನು ನೋಡಿದರು. "ಯಾವ ಮೇಸ್ತ್ರಿ ಸರಿ ಮಾಡ್ದ?"

"ಅದೇ ಹಳೇ ಮೇಸ್ತ್ರಿ" ಎಂದರು ಅತ್ತೆ. ಆಮೇಲೆ, "ಅವನನ್ನ ಇನ್ನು ಬೈಬೇಡಿ" ಎಂದರು.

"ನಾನೆಲ್ಲಿ ಬೈದೆ, ಬುಡು" ಎಂದು ಮಾವ ವಾಕರನ್ನು ಮುಂದೆ ತಳ್ಳಿದರು.

ಅತ್ತೆ ಅವರ ತೋಳು ಹಿಡಿದುಕೊಂಡು ಜೊತೆಯಲ್ಲೇ ರೂಮಿನೊಳಗೆ ಹೊರಟರು. ಹೊಸ ನೆಲದ ಅಂಚಿಗೆ ಬಂದಾಗ, ತಾವೇ ರಸಮಟ್ಟ ಇಟ್ಟು ಸೊನ್ನೆ ಮಾಡಿಸಿದ ಜಾಗದಲ್ಲಿ, ಸರಿಯಾಗಿ ಎರಡು ಅಂಗುಲ ಕಾಲೆತ್ತಿ ದಾಟಿದರು.